‘ಅಪ್ಪನ ಕಡೆ ಯಾರಿಗೂ ಇಲ್ಲ’ ಎಂದು ಬರೆಸಿದವಳು ನಾನೇ

ಮಕ್ಕಳ ಚಿಕಿತ್ಸಾ ಮಂಜೂರಾತಿ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಏಳು ವರ್ಷ ಹತ್ತು ತಿಂಗಳು ದಾಟಿದ ನನ್ನ ಮೊಮ್ಮಗಳ ಅರ್ಜಿಯನ್ನು ನಿಮ್ಮ ಸಮಿತಿ ಹಿಂದಕ್ಕೆ ಕಳಿಸಿದೆ. “ಕುಟುಂಬದಲ್ಲಿ ಅಕಾಲದಲ್ಲಿ ಮೈನೆರೆದವರು ಯಾರೂ ಇಲ್ಲ. ಆರು ತಿಂಗಳು ಕಾದು ನೋಡುವುದು.” ಎರಡು ಸಾಲು, ಕೆಳಗೊಂದು ಮೊಹರು. ಎಂಟು ತುಂಬುವುದರೊಳಗೆ ಮಂಜೂರಾದರೆ ಮಾತ್ರ ಮೈನೆರೆಯುವುದನ್ನು ತಡೆಯುವ ಇಂಜೆಕ್ಷನ್ ಎನ್ನುವುದು ನಿಮ್ಮದೇ ನಿಯಮ. ಅವಳಿಗೆ ಎಂಟು ತುಂಬಲು ಇನ್ನು ಐವತ್ತೆರಡು ದಿನ. ನಾನು ಓದಿದ್ದು ಹೈಸ್ಕೂಲಿನವರೆಗೆ. ಆದರೂ ಐವತ್ತೆರಡು ದಿನದಲ್ಲಿ ಆರು ತಿಂಗಳು ಹಿಡಿಸುವುದಿಲ್ಲ ಎನ್ನುವಷ್ಟು ಲೆಕ್ಕ ನನಗೆ ಬರುತ್ತದೆ. ನಿಮ್ಮ ಸಮಿತಿಯಲ್ಲಿ ಒಬ್ಬರಿಗೂ ಬರಲಿಲ್ಲವೇ?

ಆ ಎರಡು ಸಾಲುಗಳಲ್ಲಿ ಮೊದಲನೆಯದು ಸುಳ್ಳು. ಸುಳ್ಳು ನಿಮ್ಮದಲ್ಲ, ನನ್ನದು. ಅದನ್ನು ಹೇಳಿದ್ದು ನಿಮ್ಮ ಕಚೇರಿಯ ಮೂರನೇ ಕಿಟಕಿಯಲ್ಲಿ, ನನ್ನ ಹಿಂದೆ ಇಪ್ಪತ್ತು ಜನ ನಿಂತಿರುವಾಗ. ಆ ಕಿಟಕಿಯ ಗಾಜಿನಲ್ಲಿ ಅಂಗೈಯಗಲದ ತೂತಿದೆ. ಮಾತಾಡುವವರು ಬಗ್ಗಬೇಕು, ಗುಮಾಸ್ತ ಬಗ್ಗುವುದಿಲ್ಲ. ಮಗುವಿನ ತಾಯಿ, ಅಂದರೆ ನನ್ನ ಸೊಸೆ, ತಾನು ದೊಡ್ಡವಳಾದದ್ದು ಹದಿಮೂರಕ್ಕೆ ಎಂದು ಮೆಲ್ಲಗೆ ಹೇಳಿದಳು. “ಜೋರಾಗಿ ಹೇಳಮ್ಮಾ, ಮಧ್ಯ ಗಾಜಿದೆ” ಎಂದ. ಪಾಪ, ಜೋರಾಗಿಯೇ ಹೇಳಿದಳು. ಆಮೇಲೆ ನನ್ನ ಸರದಿ. “ಅಪ್ಪನ ಕಡೆ ಯಾರಿಗಾದ್ರೂ ಬೇಗ ಆಗಿತ್ತಾ? ಅಜ್ಜೀ, ನಿಮ್ಗೆ ಎಷ್ಟಕ್ಕಾಯ್ತು?”

ಸಾಲಿನಲ್ಲಿ ಯಾರೋ, “ಅಜ್ಜಿಗೆ ಈಗೆಲ್ಲಿ ನೆನಪಿರತ್ತೆ ಬಿಡಪ್ಪಾ, ಹೋದ ಜನ್ಮದ್ದು!” ಎಂದ. ನಕ್ಕರು. ನಕ್ಕವರಲ್ಲಿ ಅರ್ಧ ಜನರ ಮಕ್ಕಳಿಗೆ ಶಾಲೆಯ ಯೂನಿಫಾರ್ಮ್ ಹೊಲಿದುಕೊಟ್ಟವಳು ನಾನು. ಮೂವತ್ತೆಂಟು ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ. ಬೆನ್ನ ಹಿಂದೆ ನನ್ನನ್ನು ಟೇಪಮ್ಮ ಎನ್ನುತ್ತಾರಂತೆ. ಎದುರಿಗೆ ಅನ್ನುವ ಗಂಡಸು ಇನ್ನೂ ಹುಟ್ಟಿಲ್ಲ. “ನಮ್ಮ ಮನೇಲಿ ಅಂಥದ್ದೆಲ್ಲ ಇಲ್ಲ, ಬರ್ಕೊಳ್ಳಿ” ಎಂದೆ. ಬರೆದುಕೊಂಡ.

ನಿಜ ಹೀಗಿದೆ. ನಾನು ದೊಡ್ಡವಳಾದದ್ದು ಎಂಟು ತುಂಬಿದ ಮೂರನೇ ವಾರ. ಅಮ್ಮ ಬಚ್ಚಲ ಬಾಗಿಲು ಹಾಕಿ, “ಯಾರ ಹತ್ರಾನಾದ್ರೂ ಉಸಿರು ಬಿಟ್ಟೀಯ, ಹುಷಾರ್” ಎಂದಳು. ಅಮ್ಮ ಹೋದಳು, ನನ್ನ ಗಂಡ ಹೋದರು, ನಾನು ಉಸಿರು ಬಿಡಲಿಲ್ಲ. ಒಂಬತ್ತರಲ್ಲಿ ತರಗತಿಗೆಲ್ಲ ಎತ್ತರದವಳು ನಾನೇ. ಹನ್ನೊಂದು ತುಂಬುವ ಮೊದಲೇ ಬೆಳವಣಿಗೆ ನಿಂತಿತು. ಹದಿನೈದರ ಹೊತ್ತಿಗೆ ಗೆಳತಿಯರೆಲ್ಲ ನನ್ನ ತಲೆಯ ಮೇಲಿಂದ ಮಾತಾಡಿಕೊಳ್ಳುತ್ತಿದ್ದರು. ಈಗಲೂ ಬಟ್ಟೆ ಕತ್ತರಿಸುವ ಮೇಜಿನ ಮುಂದೆ ಕಾಲ ಕೆಳಗೆ ಹಲಗೆ ಹಾಕಿಕೊಂಡೇ ನಿಲ್ಲುತ್ತೇನೆ.

ಇಷ್ಟೆಲ್ಲ ಗೊತ್ತಿದ್ದವಳು ಏನು ಮಾಡಿದೆ? ಒಂದೇ ವರ್ಷದಲ್ಲಿ ಮೊಮ್ಮಗಳ ಯೂನಿಫಾರ್ಮಿನ ಅಂಚನ್ನು ಎರಡು ಸಲ ಬಿಚ್ಚಬೇಕಾಗಿ ಬಂದಾಗಲೇ ನನಗೆ ನನ್ನ ಒಂಬತ್ತನೇ ವರ್ಷ ನೆನಪಾಗಿತ್ತು. ಸೊಸೆಯನ್ನು ಕರೆದು ಗದರಿದೆ: “ಏನು ತಿನ್ನಿಸ್ತಿದ್ದೀಯೇ ಮಗೂಗೆ? ಹಾಲಂತೆ, ಮೊಟ್ಟೆಯಂತೆ! ನಿಮ್ಮ ತವರಲ್ಲಿ ಹೀಗೇನಾ ಮಕ್ಕಳನ್ನ ಬೆಳೆಸೋದು? ಎಲ್ಲ ನಿಲ್ಸು.” ಕುಂಬಳಕಾಯಿ ಕಳ್ಳನಾದರೂ ತನ್ನ ಹೆಗಲನ್ನೇ ಮುಟ್ಟಿ ನೋಡಿಕೊಂಡ. ನಾನು ಸೊಸೆಯ ಹೆಗಲು ಒರೆಸಲು ಹೋದೆ.

ನಿಮ್ಮ ಪತ್ರ ಹಿಡಿದುಕೊಂಡು ನಾವಿಬ್ಬರೂ ಮಕ್ಕಳ ಹಾರ್ಮೋನ್ ಡಾಕ್ಟರ ಬಳಿ ಹೋದೆವು. ನನ್ನ ಸೊಸೆಯ ವಯಸ್ಸಿನ ಹೆಂಗಸು, ತಾಳ್ಮೆಯವಳು. ಎಡಗೈಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದಳು. ಮಗುವಿನ ಬಾಯಲ್ಲಿ ಹಾಲುಹಲ್ಲು ಇನ್ನೂ ಅಲ್ಲಾಡುತ್ತಿದೆ, ಕೈಯ ಮೂಳೆಗೆ ಆಗಲೇ ಹತ್ತು ವರ್ಷ. “ತಲೆಯ ಸ್ಕ್ಯಾನ್ ಸರಿಯಾಗಿದೆ, ತೂಕಾನೂ ಜಾಸ್ತಿ ಇಲ್ಲ. ಕೆಲವು ಮನೆಗಳಲ್ಲಿ ಇದು ರಕ್ತದಲ್ಲೇ ಬರತ್ತೆ. ಮೈನೆರೆಯೋದನ್ನ ವಯಸ್ಸಾಗೋ ತನಕ ತಡೆದು ಹಿಡಿಯೋ ಒಂದು ಜೀನ್ ಇದೆ. ಅಪ್ಪನಿಂದ ಬಂದದ್ದು ಕೆಟ್ಟಿದ್ರೆ ಮಾತ್ರ ತೊಂದ್ರೆ. ಅಮ್ಮನಿಂದ ಬಂದಿದ್ರೆ ಸುಮ್ನೆ ಕೂತಿರತ್ತೆ. ಈ ಮಗುವಿನ ಅಪ್ಪನಿಗೆ ಅದು ಅವರಮ್ಮನಿಂದ ಬಂದಿದ್ರೆ, ಅವರಿಗೆ ಏನೂ ಆಗಿರಲ್ಲ. ಅವರ ಮಗಳಲ್ಲಿ ಎದ್ದು ಕೂತ್ಕೊಳ್ಳತ್ತೆ. ಆದ್ರೆ ನಿಮ್ಮ ಮನೇಲಿ ಯಾರಿಗೂ ಇಲ್ಲ ಅಂತ ಬರೆಸಿದ್ದೀರಲ್ಲ?”

ಅಲ್ಲಿ ನಾನು ಬಾಯಿ ಬಿಟ್ಟೆ. ಅರವತ್ತಮೂರನೇ ವಯಸ್ಸಿನಲ್ಲಿ, ಸೊಸೆಯ ಎದುರಿಗೆ. ಅವಳು ಕೂಗಾಡುತ್ತಾಳೆ, ಅದಕ್ಕೆ ನಾನೂ ನಾಲ್ಕು ಮಾತು ಸೇರಿಸಬಹುದು ಎಂದುಕೊಂಡಿದ್ದೆ. ಅವಳು ಎಕ್ಸ್‌ರೇಯಿಂದ ಕಣ್ಣು ಕೀಳದೆ ಇಷ್ಟೇ ಹೇಳಿದಳು: “ಅತ್ತೆ, ಹನ್ನೊಂದು ತಿಂಗಳಿಂದ ಮಗು ಹಾಲು ಕೇಳ್ತಿದೆ. ನಾನು ಕೊಟ್ಟಿಲ್ಲ.”

ಮಾರನೆಯ ದಿನವೇ ಮೂರನೇ ಕಿಟಕಿಗೆ ಹೋದೆ. ಈ ಸಲ ಯಾರೂ ಹೇಳದೆಯೇ ಜೋರಾಗಿ ಹೇಳಿದೆ, ಇಡೀ ಸಾಲಿಗೆ ಕೇಳುವ ಹಾಗೆ. ನಿಮ್ಮ ಗುಮಾಸ್ತ ಏನೆಂದ ಗೊತ್ತೇ? “ಹಾಗೆಲ್ಲ ತಿದ್ದಕ್ಕಾಗಲ್ಲ ಅಜ್ಜೀ. ದಾಖಲೆ ತನ್ನಿ.” ಯಾವ ದಾಖಲೆ, ಮಾನ್ಯರೇ? ಐವತ್ತೈದು ವರ್ಷದ ಹಿಂದೆ ನಮ್ಮ ಬಚ್ಚಲ ಬಾಗಿಲಲ್ಲಿ ನಿಮ್ಮ ಇಲಾಖೆಯವರು ಯಾರಾದರೂ ಮೊಹರು ಹಿಡಿದು ನಿಂತಿದ್ದರೇ? ನಾನು ಸುಳ್ಳು ಹೇಳಿದಾಗ ದಾಖಲೆ ಬೇಕಾಗಲಿಲ್ಲ, ಬಾಯಿಮಾತು ಸಾಕಾಯಿತು. ನಿಜ ಹೇಳಿದರೆ ದಾಖಲೆ ಬೇಕು. ರಕ್ತಪರೀಕ್ಷೆ ಮಾಡಿದರೆ ಗೊತ್ತಾಗಿಬಿಡುತ್ತದೆ ಎಂದರು ಡಾಕ್ಟರು. ಆದರೆ ಆ ಪರೀಕ್ಷೆ ಮಂಜೂರಾಗಬೇಕಾದರೂ ನಿಮ್ಮ ಹಾಳೆಯಲ್ಲಿ ‘ಹೌದು’ ಎಂದಿರಬೇಕಂತೆ. ಬಾವಿಗೆ ಬಿದ್ದವಳಿಗೆ, ಮೇಲೆ ಬಂದು ಹಗ್ಗಕ್ಕೆ ಅರ್ಜಿ ಹಾಕು ಎಂದ ಹಾಗಾಯಿತು.

ಮಗು ಈಗ ಬೆನ್ನು ಬಗ್ಗಿಸಿ ನಡೆಯುತ್ತದೆ. ಹಿಂದಿನವರಿಗೆ ಬೋರ್ಡು ಕಾಣುವುದಿಲ್ಲ ಎಂದು ಟೀಚರು ಕೊನೆಯ ಬೆಂಚಿಗೆ ಕಳಿಸಿದ್ದಾರೆ. ಊರ ಮಕ್ಕಳಿಗೆಲ್ಲ “ನೆಟ್ಟಗೆ ನಿಂತ್ಕೋ” ಎಂದು ಗದರಿಸಿ ಅಳತೆ ತೆಗೆದವಳು ನಾನು; ಅವಳಿಗೆ ಹಾಗೆನ್ನಲು ನಾಲಿಗೆ ಏಳುವುದಿಲ್ಲ. ಮನೆಯಲ್ಲಿ ನನ್ನ ಮಾತಿಗೆ ಎದುರಾಡುವವರಿರಲಿಲ್ಲ. ಈಗ ಎಲ್ಲರೂ ನನ್ನ ಮುಖ ನೋಡುತ್ತಾರೆ, ಏನಾದರೂ ಮಾಡುತ್ತಾಳೆ ಎಂದು. ಏನು ಮಾಡಲಿ? ಹೊಲಿಗೆ ತಪ್ಪಿದರೆ ಬಿಚ್ಚಿ ಹೊಲಿಯಬಲ್ಲೆ. ಮೂಳೆಯನ್ನು ಬಿಚ್ಚಲು ಬರುವುದಿಲ್ಲ.

ಬೇಡಿ ಅಭ್ಯಾಸವಿಲ್ಲ, ಆದ್ದರಿಂದ ನೇರವಾಗಿ ಕೇಳುತ್ತೇನೆ. ಆ ‘ಇಲ್ಲ’ವನ್ನು ‘ಹೌದು’ ಎಂದು ತಿದ್ದಿ. ಪುರಾವೆ ಬೇಕೆಂದರೆ ನನ್ನ ತೋಳಿನಿಂದ ಬೇಕಾದಷ್ಟು ರಕ್ತ ತೆಗೆದುಕೊಳ್ಳಿ. ಐವತ್ತೆರಡು ದಿನದೊಳಗೆ ಒಮ್ಮೆ ಸಭೆ ಸೇರಿ. ಇನ್ನು ಮುಂದೆ ಈ ಪ್ರಶ್ನೆಯನ್ನು ಹೆಂಗಸರಿಗೆ ಹೆಂಗಸರೇ, ಬಾಗಿಲು ಹಾಕಿದ ಕೋಣೆಯಲ್ಲಿ ಕೇಳುವಂತೆ ಮಾಡಿ. ನನ್ನಂಥ ಜಂಭದ ಮುದುಕಿಯರು ಇನ್ನೆಷ್ಟು ಜನ ಇದ್ದಾರೋ. ಇದೊಂದೂ ಆಗದು ಎನ್ನುವುದಾದರೆ, ಮಗುವಿನ ತಾಯಿಗೆ ಒಂದು ಸಾಲು ಬರೆದು ಕಳಿಸಿ: ಇದು ನೀನು ಕೊಟ್ಟ ಹಾಲಿನಿಂದ ಬಂದದ್ದಲ್ಲ ಎಂದು. ಮೊಹರು ಒತ್ತಿಯೇ ಕಳಿಸಿ. ನಾನು ದಿನಾ ಹೇಳುತ್ತಿದ್ದೇನೆ, ಅವಳು ಲೋಟ ತುಂಬಿಸಿ ಒಲೆಯ ಪಕ್ಕ ಇಡುತ್ತಾಳೆ, ಮಗುವಿಗೆ ಕೊಡಲು ಕೈ ಮುಂದೆ ಬರುವುದಿಲ್ಲ.

ಇಂತಿ,
ಹೇಳಬೇಕಾದ ದಿನ ಹೇಳದೆ ಹೋದ,
ಮಗುವಿನ ಅಪ್ಪನ ಅಮ್ಮ