ಹರಿವಾಣದಷ್ಟು ಸೂರ್ಯ

ಮಣಿನಗರ, ಅಹಮದಾಬಾದು
14-2-68

ಅಮ್ಮನಿಗೆ ಇಷ್ಟು ದೂರದಿಂದಲೇ ನಮಸ್ಕಾರ.

ನಿನ್ನೆ ನಿನ್ನ ಅಳಿಯಂದಿರು ತಮ್ಮ ಲ್ಯಾಬಿಗೆ ಕರೆದುಕೊಂಡು ಹೋಗಿ ಸೂರ್ಯನನ್ನು ತೋರಿಸಿದರು. ದುರ್ಬೀನಿನಿಂದ ಇಳಿದು ಬಿಳಿ ಹಾಳೆಯ ಮೇಲೆ ಹರಿವಾಣದಷ್ಟು ಅಗಲಕ್ಕೆ ಬಿದ್ದಿದ್ದ. ಗ್ರಹಣದ ದಿನ ನೀನು ಅರಿಸಿನದ ನೀರಿನಲ್ಲಿ ತೋರಿಸುತ್ತಿದ್ದೆಯಲ್ಲ, ಥೇಟ್ ಹಾಗೇ. ನಾನು ಬೆಚ್ಚಿಬಿದ್ದು, ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡು ಬಾಗಿಲಿಗೆ ಓಡಿದೆ. "ಅಯ್ಯೋ, ಇವತ್ತು ಗ್ರಹಣ ಅಲ್ಲ ಕಣೇ, ಬಾ" ಎಂದು ಇವರು ನಕ್ಕರು.

ಎಂಥ ಸೋಜಿಗ ಗೊತ್ತೇ! ಸೂರ್ಯನ ಮೈ ಐದೈದು ನಿಮಿಷಕ್ಕೆ ಉಬ್ಬಿ ಇಳಿಯುತ್ತದಂತೆ. ಒಳಗೆ ಏನಿದೆಯೋ ಯಾರೂ ಇಣುಕಿ ನೋಡುವಂತಿಲ್ಲ. ಆದರೆ ಮೇಲಿನ ಅಲುಗಾಟವನ್ನು ಅಳೆಯುತ್ತಾ ಹೋದರೆ ಒಳಗಿನ ಸಂಗತಿ ಒಂದು ದಿನ ತಿಳಿದೀತು ಎನ್ನುತ್ತಾರೆ. ಕೇಳುತ್ತಾ ನಿಂತವಳಿಗೆ ಊಟದ ನೆನಪೇ ಇರಲಿಲ್ಲ.

ಇಲ್ಲಿ ಬೇಳೆಗೂ ಬೆಲ್ಲ ಹಾಕುತ್ತಾರೆ, ನನ್ನ ನಾಲಿಗೆಗೆ ಹುಳಿಯೇ ಬೇಕು. ಯಾರಾದರೂ ಈ ಕಡೆ ಬಂದರೆ ಹುಣಸೆ ತೊಕ್ಕು ಕಳಿಸು.

ಎರಡು ಕಾಗದದಲ್ಲೂ ನೀನು ಕೇಳಿದ್ದಕ್ಕೆ ಬಿಡಿಸಿ ಬರೆಯಲಾರೆ. ಕಾರ್ಡು ನಿನ್ನ ಕೈಗೆ ಬರುವ ಮೊದಲೇ ಅಂಚೆಯ ಶೇಷಪ್ಪ ಓದಿರುತ್ತಾನೆ. ಇಷ್ಟು ಹೇಳುತ್ತೇನೆ: ಸೆರಗಿನ ಮರೆಯ ಸೂರ್ಯನೂ ಇವತ್ತು ಬೆಳಿಗ್ಗೆ ಅಲುಗಾಡಿದ.

ಕಾಮಾಕ್ಷಿ