ಹನ್ನೆರಡು ಬಣ್ಣದ ಮಣಿಗಳು

ಮಂಡ್ಯ, ಆಸ್ಪತ್ರೆಯಿಂದ
೧೪ ನವೆಂಬರ್ ೨೦೨೪

ಅವ್ವಾ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ, ಕಾಣುತ್ತಿರಬಹುದು. ಫೋನಿನಲ್ಲಾದರೆ ನೀನು ಅಳುತ್ತೀಯ, ಕೊನೆಗೆ ನಾನೇ ನಿನ್ನನ್ನು ಸಮಾಧಾನ ಮಾಡಬೇಕು. ಅದಕ್ಕೇ ಈ ಕಾಗದ.

ಪುಟ್ಟಿಯನ್ನು ಇಲ್ಲಿ ಸೇರಿಸಿ ಆರು ದಿನ. ಕೆಮ್ಮು ಹಿಡಿದರೆ ಬಿಡುವುದಿಲ್ಲ, ಮುಖ ನೀಲಿಗಟ್ಟುತ್ತದೆ. ನಾನು ಅವಳ ಉಸಿರು ಎಣಿಸುತ್ತಾ ಕೂತಿರುತ್ತೇನೆ. ಮೊದಲ ದಿನವೇ ಡಾಕ್ಟರು ಕೇಳಿದರು, ಒಂದೂವರೆ ತಿಂಗಳಿನ ಚುಚ್ಚುಮದ್ದು ಆಗಿದೆಯಾ ಎಂದು. ಆಗಿದೆ, ಬಾಣಂತನದಲ್ಲಿ ನಮ್ಮವ್ವನೇ ಎತ್ತಿಕೊಂಡು ಹೋಗಿದ್ದು ಎಂದೆ. ಆ ಮಾತು ನಂಬಿ ಮೂರು ದಿನ ಬೇರೆ ಔಷಧಿ ಕೊಟ್ಟರು.

ತಗ್ಗದಿದ್ದಾಗ ಮೂಗಿಗೆ ಕಡ್ಡಿ ಆಡಿಸಿ ಪರೀಕ್ಷೆಗೆ ಕಳಿಸಿದರು. ಲ್ಯಾಬಿನ ಜಾಕಿಯಾ ಬಿಡಿಸಿ ಹೇಳಿದಳು: ಕಣ್ಣಿಗೆ ಕಾಣದಷ್ಟು ಸಣ್ಣ ಮಣಿಗಳಂತೆ, ಒಂದೊಂದು ರೋಗಾಣುವಿಗೆ ಒಂದೊಂದು ಬಣ್ಣದ್ದು. ಎಲ್ಲವನ್ನೂ ಒಂದೇ ಹನಿಗೆ ಬೆರೆಸಿದರೆ, ತನ್ನ ರೋಗಾಣು ಸಿಕ್ಕ ಮಣಿ ಯಂತ್ರದಲ್ಲಿ ಹೊಳೆಯುತ್ತದಂತೆ. ಹನ್ನೆರಡನ್ನು ಒಟ್ಟಿಗೇ ಹುಡುಕಿದರು. ಹನ್ನೊಂದು ಸುಮ್ಮನಿದ್ದವು. ಒಂದು ಹೊಳೆಯಿತು. ನಾಯಿಕೆಮ್ಮು.

ಚುಚ್ಚುಮದ್ದು ಹಾಕಿಸಿದರೂ ಒಮ್ಮೊಮ್ಮೆ ಬರುತ್ತದೆ, ಕಾರ್ಡು ತೋರಿಸಿ ಎಂದರು ಡಾಕ್ಟರು. ಕಾರ್ಡು ಮಳವಳ್ಳಿಯಲ್ಲಿ, ನಿನ್ನ ಬೀರುವಿನಲ್ಲಿ. ನಿಮ್ಮ ಕಡೆಯ ನರ್ಸ್ ಹೊಂಬಾಳಮ್ಮನಿಗೆ ಫೋನು ಮಾಡಿದೆ. ‘ನಿಮ್ಮವ್ವ ಅವತ್ತು ಬರ್ಲೇ ಇಲ್ವಲ್ಲ ಕಣಮ್ಮ’ ಅಂದರು. ನಿನ್ನನ್ನು ಕೇಳಿದರೆ, ‘ಅಯ್ಯೋ ಬುಡವ್ವ, ಸೂಜಿ ಚುಚ್ಚುದ್ರೆ ಎಳೇ ಮಗೀಗೆ ಜರ ಬತ್ತದೆ ಅಂತ ಮುತ್ತತ್ತಿಗೆ ಓಗಿ ಆಂಜನೇಯನ ತೀರ್ಥ ಆಕಿಸ್ಕೊಂಡ್ ಬಂದೆ. ನಿಂಗೆ ಯೋಳಿದ್ರೆ ಬುಟ್ಟಿದ್ಯಾ?’ ಅಂದೆ.

ದೇವರ ಮೇಲೆ ನನಗೆ ಸಿಟ್ಟಿಲ್ಲ. ಅವತ್ತು ವಾಪಸು ಬಂದು, ‘ಚುಚ್ಚುದ್ರೂ ಒಸಿನೂ ಅಳ್ನಿಲ್ಲ ಕಣೆ ನಿನ್ ಮಗ್ಳು’ ಎಂದು ನಗುನಗುತ್ತಾ ಹೇಳಿದೆಯಲ್ಲ, ಆ ನಗು ಕಣ್ಣಿಂದ ಹೋಗುತ್ತಿಲ್ಲ. ಅದೇ ಬಾಣಂತನದಲ್ಲಿ ದಿನಾ ನನ್ನ ತಲೆಗೆ ಸಾಂಬ್ರಾಣಿ ಹೊಗೆ ಹಾಕುತ್ತಿದ್ದವಳೂ ನೀನೇ ಅಲ್ಲವಾ?

ಸರಿಯಾದ ಔಷಧಿ ಈಗ ಶುರುವಾಗಿದೆ. ಉಳಿಯುತ್ತಾಳೆ ಎಂದು ಇನ್ನೂ ಯಾರೂ ಬಾಯಿಬಿಟ್ಟು ಹೇಳಿಲ್ಲ. ನೀನು ನೋಡಲು ಬರಬೇಡ.

ನಿನ್ನ ಮಾತು ನಂಬಿದ ಮಗಳು,
ಅಮೃತ

ಮತ್ತೆ: ‘ನಂಬಿದ’ ಎಂದದ್ದು ಸುಳ್ಳು. ಅವತ್ತು ಸಂಜೆ ಬಟ್ಟೆ ಬದಲಿಸುವಾಗ ಪುಟ್ಟಿಯ ತೊಡೆ ನೋಡಿದ್ದೆ. ಚುಚ್ಚಿದ ಗುರುತಿರಲಿಲ್ಲ, ಊತವೂ ಇರಲಿಲ್ಲ. ಜ್ವರ ಬರದಿದ್ದರೆ ನಾನೂ ಒಂದಿಷ್ಟು ನಿದ್ದೆ ಮಾಡಬಹುದಲ್ಲ ಎಂದು ಸುಮ್ಮನಾದೆ. ಇದನ್ನು ಡಾಕ್ಟರಿಗೂ ಹೇಳಿಲ್ಲ, ಅವಳಪ್ಪ ಸಂತೋಷನಿಗೂ ಹೇಳಿಲ್ಲ. ಒಬ್ಬಳೇ ಇರಲು ಆಗುತ್ತಿಲ್ಲ, ಬಾ ಅವ್ವ.