ಬೋರಿನ ನೀರಿನ ಸಮುದ್ರ

ಕಾರವಾರ,
೧೮ ನವೆಂಬರ್ ೨೦೨೪

ಪ್ರೀತಿಯ ಆಯಿ,

ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ, ಇಲ್ಲಾ ಅದನ್ನೂ ಎಮ್ಮೆಯ ಕಾಲಿಗೇ ಸುರಿದೆಯಾ? ಈ ಪತ್ರವನ್ನು ತಮ್ಮ ಸಂಜಯ ಓದಿ ಹೇಳಲಿ, ಬೈಗುಳವನ್ನೂ ಬಿಡದೆ. ಫೋನಿನಲ್ಲಿ ಮೊಮ್ಮಗಳು ಹೇಳಿದ ಬೇಡದ ಮಾತು ನಿನಗೆ ಕೇಳಿಸುವುದೇ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಸಿಟ್ಟು ನೆತ್ತಿಗೇರಿದೆ. ಇಲ್ಲಿ ವಿಜ್ಞಾನಿಗಳ ಜೊತೆ ನಾವು ಕಾಲೇಜಿನವರು ಪ್ರತಿ ತಿಂಗಳು ದೋಣಿಯಲ್ಲಿ ಹೋಗಿ, ಕಡಲಿನ ಬಿಸಿ ಅಳೆದು, ನೀರು ತುಂಬಿಕೊಂಡು ಬರುತ್ತೇವೆ. ಅಲೆಗೆ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿಯೂ ಬಾಟಲಿ ಬಿಡದವಳು ನಾನು. ಆ ಬಾಟಲಿಗಳನ್ನು ಕೊಲ್ಹಾಪುರದ ಲ್ಯಾಬಿಗೆ ಮುಟ್ಟಿಸುವ ದಾರಿಯಲ್ಲಿ ಒಂದು ರಾತ್ರಿ ಬೇಡಕಿಹಾಳದ ನಮ್ಮ ಮನೆಯಲ್ಲಿ ಮಲಗಿದ್ದೇ ತಪ್ಪಾಯಿತು. ಈಗ ವರದಿ ಬಂದಿದೆ: ನೀರಿನಲ್ಲಿ ಉಪ್ಪೇ ಇಲ್ಲ! ಸಂಜಯನನ್ನು ಕೇಳಿದರೆ ನಗುತ್ತ ಎಲ್ಲ ಹೇಳಿದ. ನಾನು ಏಳುವ ಮೊದಲೇ ನೀನು ಕಮಲಾಬಾಯಿ, ಲಗಮವ್ವ, ಓಣಿಯ ಹೆಂಗಸರನ್ನೆಲ್ಲ ಕೂಡಿಸಿ, "ಸಮುದ್ರದ ನೀರ ಬಂದೈತಿ, ಎಲ್ಲಾ ನದಿ ಕೂಡಿದ್ದ ನೀರ, ತಲೀ ಮ್ಯಾಲ ಹಾಕ್ಕೋರಿ" ಎಂದೆಯಂತೆ. ಮುಗಿದ ಮೇಲೆ, "ಖಾಲಿ ಬಾಟ್ಲಿ ಒಯ್ದ್ರ ಹುಡುಗಿಗಿ ಬೈತಾರ" ಎಂದು ಹಿತ್ತಲಿನ ಬೋರಿನ ನೀರು ತುಂಬಿ, ಮುಚ್ಚಳ ಬಿಗಿ ಮಾಡಿ ಇಟ್ಟೆಯಂತೆ. ನನಗೊಂದು ಮಾತು ಹೇಳಬಾರದಿತ್ತೇ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ದಾರಿಯಲ್ಲಿ ಚೆಲ್ಲಿಕೊಂಡು ನಲ್ಲಿ ನೀರು ತುಂಬಿದ್ದೀಯ ಎಂದು ದೋಣಿಯ ಕೆಲಸ ನೋಡಿಕೊಳ್ಳುವ ಮೇಡಂ ಎಲ್ಲರೆದುರು ಅಂದರು. ನಿಜ ಹೇಳಿದೆ. ಕಥೆ ಚೆನ್ನಾಗಿದೆ ಅಂದರು. ಆ ದಿನದ ಕಡಲು ಮತ್ತೆ ಸಿಗುವುದಿಲ್ಲ ಆಯಿ, ಒಂದು ತಿಂಗಳ ಎಲ್ಲರ ಕೆಲಸ ಹಾಳಾಯಿತು. ಮುಂದಿನ ದೋಣಿಯಿಂದ ನನ್ನ ಹೆಸರು ತೆಗೆದಿದ್ದಾರೆ. ಸುಳ್ಳಿ ಅನ್ನಿಸಿಕೊಂಡು ನಾನು ಇಲ್ಲಿ ಹೇಗಿರಲಿ?

ಕೊನೆಯ ಬೊಗಸೆಯನ್ನು ನೀನು ತಲೆಗೆ ಹಾಕಿಕೊಂಡು ಕಣ್ಣೀರು ತೆಗೆದೆ ಎಂದೂ ಸಂಜಯ ಹೇಳಿದ. ಅದರಿಂದ ಸಿಟ್ಟು ಇಳಿಯಲಿಲ್ಲ, ಅರ್ಧ ಧರೆಪ್ಪ ಕಾಕಾನ ಮೇಲೆ ಹೋಯಿತು. ಪ್ರತಿ ವರ್ಷ ಜೀಪು ಮಾಡಿಕೊಂಡು ಸಮುದ್ರಸ್ನಾನಕ್ಕೆಂದು ಗೋಕರ್ಣಕ್ಕೆ ಹೋಗುತ್ತಾನೆ. ನೀನು ಸೀರೆ ಉಟ್ಟು ನಿಂತರೆ, "ಎಮ್ಮಿ ಹಿಂಡಾವ್ರು ಯಾರ?" ಎಂದು ಬಿಟ್ಟು ಹೋಗುತ್ತಾನೆ.

ಅಪ್ಪ, ಅವ್ವನಿಗೆ ನನ್ನ ನಮಸ್ಕಾರ. ನಿನಗೆ ಈ ಸಲ ಇಲ್ಲ.

ಸಿಟ್ಟಿನಲ್ಲೇ ಇರುವ ಮೊಮ್ಮಗಳು,
ದೀಪಾಲಿ

ತಾ.ಕ.: ಮುಂದಿನ ದೋಣಿ ಡಿಸೆಂಬರ್ ಎಂಟಕ್ಕೆ. ಅದಕ್ಕೂ ಮೊದಲು ನೀನೇ ಬಂದು ಮೇಡಂ ಎದುರು ನಿನ್ನ ಬಾಯಿಂದಲೇ ತಪ್ಪು ಒಪ್ಪಿಕೊಳ್ಳಬೇಕು. ಎಮ್ಮೆಯನ್ನು ಕಾಕಾ ಹಿಂಡಲಿ. ಸಂಜಯನ ಜೊತೆ ನಿಪ್ಪಾಣಿಗೆ ಬಂದು ಬಸ್ಸು ಹಿಡಿ. ಮೇಡಂ ಆಫೀಸು ಹುಡುಕುವುದು ಕಷ್ಟವಲ್ಲ, ಎದುರಿಗೇ ಸಮುದ್ರವಿದೆ. ಆದರೆ ಮೊದಲು ಆಫೀಸಿಗೆ ಬಾ.